ಸೋವಿಯತ್ ಗಣಿಗಳಿಗೆ ಒಯ್ದ ಜರ್ಮನ್ ಮೂಲದವರ ಸ್ಮರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

1945ರ ಜನವರಿಯಲ್ಲಿ ರೊಮೇನಿಯಾ, ಹಂಗೇರಿ ಮತ್ತು ಅಕ್ಕಪಕ್ಕದ ದೇಶಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜರ್ಮನ್ ಮೂಲದ ನಾಗರಿಕರನ್ನು ಸೋವಿಯತ್ ಒಕ್ಕೂಟಕ್ಕೆ ದುಡಿಮೆಗಾಗಿ ಸಾಗಿಸಲಾಯಿತು. ಈ ವಿಷಯ ಮಾತಿಗೆ ಬಂದಾಗಲೆಲ್ಲ, ಎದುರುಬದುರಾಗಿ ಕುಳಿತಾಗಲೂ ಪತ್ರಗಳಲ್ಲೂ, ಹೆಚ್ಚುಕಡಿಮೆ ಅದೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತನ್ನು ತಿದ್ದದೆ, ಅವರ ಧಾಟಿಯಲ್ಲಿಯೇ ಪ್ರಶ್ನೆಗಳನ್ನು ಇಟ್ಟುಕೊಂಡು ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ವಿಷಯಕ್ಕೆ ಹೊಸಬರಾದವರು ಮೊದಲಿನಿಂದ ಓದಬಹುದು, ಬಲ್ಲವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಜರ್ಮನ್ನರು ಅಂದ್ರೆ ಜರ್ಮನಿಯವರಲ್ವಾ? ರೊಮೇನಿಯಾ, ಹಂಗೇರಿಯಲ್ಲಿ ಅವರು ಹೇಗೆ ಇದ್ದರು?

ಇವರು ಜರ್ಮನ್ ಭಾಷೆಯನ್ನು ಮನೆಮಾತಾಗಿ ಉಳಿಸಿಕೊಂಡಿದ್ದ, ಆದರೆ ತಲೆಮಾರುಗಳಿಂದ ಬೇರೆ ರಾಜ್ಯಗಳ ಪ್ರಜೆಗಳಾಗಿದ್ದ ಜನ. ಇಂದಿನ ರೊಮೇನಿಯಾದ ಭಾಗವಾದ ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ನರ ಪೂರ್ವಿಕರು ಹನ್ನೆರಡನೆಯ ಶತಮಾನದಲ್ಲಿ ಹಂಗೇರಿಯ ದೊರೆ ಎರಡನೆಯ ಗೇಜಾ ಕರೆಸಿಕೊಂಡಾಗ ಬಂದು ನೆಲೆನಿಂತವರು. ಅಂದರೆ 1945ರ ಹೊತ್ತಿಗೆ ಅವರು ಆ ನೆಲದಲ್ಲಿ ಎಂಟುನೂರು ವರ್ಷ ಬಾಳಿದ್ದರು. ಅದರ ಪಶ್ಚಿಮಕ್ಕಿರುವ ಬನಾತ್ ಸೀಮೆಯ ಸ್ವಾಬಿಯನ್ನರು ಹದಿನೆಂಟನೆಯ ಶತಮಾನದಲ್ಲಿ, ತುರ್ಕರಿಂದ ಆ ಪ್ರದೇಶ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಬಂದ ಮೇಲೆ, ಉಲ್ಮ್ ಪಟ್ಟಣದಿಂದ ದೋಣಿಗಳಲ್ಲಿ ಡ್ಯಾನ್ಯೂಬ್ ನದಿಯ ಹರಿವಿನ ಜೊತೆಯಲ್ಲಿ ಇಳಿದು ಬಂದವರು. 1930ರ ರೊಮೇನಿಯಾ ಜನಗಣತಿಯಲ್ಲಿ ಜರ್ಮನ್ನರ ಸಂಖ್ಯೆ ಸುಮಾರು 7 ಲಕ್ಷ 45 ಸಾವಿರ ಇತ್ತು. ಇವರಲ್ಲಿ ಬಹಳಷ್ಟು ಮಂದಿ ಬರ್ಲಿನ್ನನ್ನು ಕಣ್ಣಿನಿಂದ ಕಂಡವರೇ ಅಲ್ಲ.

ಅವರನ್ನು ಹಿಡಿದುಕೊಂಡು ಹೋಗಲು ಆದೇಶ ಕೊಟ್ಟವರು ಯಾರು?

1944ರ ಡಿಸೆಂಬರ್ 16ರಂದು ಸೋವಿಯತ್ ರಾಜ್ಯ ರಕ್ಷಣಾ ಸಮಿತಿಯ 7161ನೆಯ ಸಂಖ್ಯೆಯ ಆದೇಶಕ್ಕೆ ಸ್ಟಾಲಿನ್ ಸಹಿ ಹಾಕಿದರು. ಕೆಂಪು ಸೇನೆಯ ವಶಕ್ಕೆ ಬಂದಿದ್ದ ರೊಮೇನಿಯಾ, ಹಂಗೇರಿ, ಯುಗೊಸ್ಲಾವಿಯಾ, ಬಲ್ಗೇರಿಯಾ ಮತ್ತು ಚೆಕೊಸ್ಲೊವಾಕಿಯಾದ ಭಾಗಗಳಲ್ಲಿದ್ದ, ದುಡಿಯಲು ಶಕ್ತರಾದ ಎಲ್ಲ ಜರ್ಮನ್ನರನ್ನು, ಗಂಡಸರಾದರೆ 17ರಿಂದ 45 ವರ್ಷದವರನ್ನು, ಹೆಂಗಸರಾದರೆ 18ರಿಂದ 30 ವರ್ಷದವರನ್ನು, ಸೋವಿಯತ್ ಒಕ್ಕೂಟಕ್ಕೆ ಸಾಗಿಸಬೇಕೆಂದು ಅದು ವಿಧಿಸಿತ್ತು. ಕಾರ್ಯಭಾರ ಬೆರಿಯಾ ಅವರ ಕೈಕೆಳಗಿನ ಗೃಹ ಇಲಾಖೆಯದು, ಅಂದರೆ ಎನ್‌ಕೆವಿಡಿಯದು. ಆದೇಶದಲ್ಲಿ ತಪ್ಪಿತಸ್ಥರು, ಅಪರಾಧಿಗಳು, ನಾಜಿ ಪಕ್ಷದ ಸದಸ್ಯರು ಎಂಬ ವಿಂಗಡಣೆ ಇರಲಿಲ್ಲ. ಅಲ್ಲಿದ್ದ ಅಳತೆಗೋಲುಗಳು ಎರಡೇ: ಹುಟ್ಟಿದ ಜನಾಂಗ ಮತ್ತು ವಯಸ್ಸು.

ಈ ಒಂದು ಆದೇಶದ ಅಡಿಯಲ್ಲಿ 1945ರ ಆರಂಭದ ವಾರಗಳಲ್ಲೇ ಸುಮಾರು 1 ಲಕ್ಷ 12 ಸಾವಿರ ಜನರನ್ನು ರೈಲು ಹತ್ತಿಸಲಾಯಿತು. ಅವರಲ್ಲಿ ಸುಮಾರು 70,000 ಮಂದಿ ರೊಮೇನಿಯಾದವರು, 30,000ಕ್ಕೂ ಹೆಚ್ಚು ಮಂದಿ ಹಂಗೇರಿಯವರು. ಒಟ್ಟಾರೆಯಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಹೆಂಗಸರು ಎಂಬುದನ್ನು ಓದುಗರು ಗಮನಿಸಬೇಕು, ಏಕೆಂದರೆ ಬಲವಂತದ ದುಡಿಮೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಂಡಸರ ಸಾಲು.

ಅವರನ್ನೇ ಯಾಕೆ? ಸೋವಿಯತ್ ದೇಶದಲ್ಲಿ ಜನರಿರಲಿಲ್ಲವೇ?

ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜೀವಗಳನ್ನು ಕಳೆದುಕೊಂಡಿತು. ಹಿಮ್ಮೆಟ್ಟುವಾಗ ಜರ್ಮನ್ ಸೇನೆ ಪೂರ್ವ ಉಕ್ರೇನಿನ ಡಾನ್‌ಬಾಸ್ ಸೀಮೆಯ ಕಲ್ಲಿದ್ದಲು ಗಣಿಗಳಿಗೆ ನೀರು ತುಂಬಿಸಿ, ಕಬ್ಬಿಣದ ಕುಲುಮೆಗಳನ್ನು ಸಿಡಿಸಿ ಹೋಗಿತ್ತು. ಗಣಿಯಿಂದ ನೀರು ಹೊರಹಾಕಿ ಮತ್ತೆ ಕಲ್ಲಿದ್ದಲು ತೆಗೆಯಲು ಕೈಗಳು ಬೇಕಾಗಿದ್ದವು. ಹಾಳುಮಾಡಿದವರಿಂದಲೇ ಕಟ್ಟಿಸಬೇಕು ಎಂಬ ವಾದ ಮೇಲ್ನೋಟಕ್ಕೆ ನ್ಯಾಯವೆಂದೇ ತೋರುತ್ತದೆ. 1945ರ ಫೆಬ್ರುವರಿಯ ಯಾಲ್ಟಾ ಸಭೆಯಲ್ಲಿ ಜರ್ಮನ್ ದುಡಿಮೆಯನ್ನು ಯುದ್ಧ ಪರಿಹಾರದ ಒಂದು ಬಗೆಯಾಗಿ ಮಿತ್ರರಾಷ್ಟ್ರಗಳು ಒಪ್ಪಿಕೊಂಡವು ಕೂಡ. ಆದರೆ ಡಾನ್‌ಬಾಸಿಗೆ ಹೊರಟ ರೈಲುಗಳು ಆ ಸಭೆಗೂ ಮೊದಲೇ ಹೊರಟಿದ್ದವು, ಮತ್ತು ಅವುಗಳಲ್ಲಿ ಕುಳಿತಿದ್ದ ಟ್ರಾನ್ಸಿಲ್ವೇನಿಯಾದ ಹದಿನೆಂಟರ ಹುಡುಗಿ ಯಾವ ಗಣಿಗೂ ನೀರು ತುಂಬಿಸಿದವಳಲ್ಲ.

'ಮಾಲೆಂಕಿ ರೋಬೋತ್' ಅನ್ನೋ ಮಾತು ಎಲ್ಲ ಕಡೆ ಕಾಣುತ್ತೆ. ಹಾಗಂದ್ರೆ ಏನು?

ರಷ್ಯನ್ ಭಾಷೆಯ 'ಮಾಲೆಂಕಯ ರಬೋತ', ಅಂದರೆ 'ಒಂದಿಷ್ಟು ಸಣ್ಣ ಕೆಲಸ' ಎಂಬ ಮಾತು ಹಂಗೇರಿಯವರ ಕಿವಿಗೆ ಬಿದ್ದು ಹೀಗಾಯಿತು. ಜೋಳದ ತೆನೆ ಕಿತ್ತು ಬರುವ ಕೆಲಸ, ಹತ್ತು ದಿನದಲ್ಲಿ ವಾಪಸ್ಸು ಎಂದು ನಂಬಿಸಿ ಎಷ್ಟೋ ಜನರನ್ನು ಕರೆದೊಯ್ಯಲಾಯಿತು. ಊರಲ್ಲಿ ಡಂಗುರ ಸಾರಿ, ಇಂಥ ವಯಸ್ಸಿನವರು ಇಂಥ ಕಡೆ ಹಾಜರಾಗಬೇಕು, ಬೆಚ್ಚನೆಯ ಬಟ್ಟೆ ಮತ್ತು ಎರಡು ವಾರಕ್ಕಾಗುವಷ್ಟು ತಿನಿಸು ತರಬೇಕು ಎಂದು ತಿಳಿಸುತ್ತಿದ್ದರು. ಆ ಸಣ್ಣ ಕೆಲಸ ಮೂರು, ನಾಲ್ಕು, ಐದು ವರ್ಷ ನಡೆಯಿತು. ಇಂದಿಗೂ ಹಂಗೇರಿಯಲ್ಲಿ ಈ ದುರಂತಕ್ಕೆ ಇದೇ ಹೆಸರು ನಿಂತಿದೆ. ಅಲ್ಲಿನ ಜನ ಅದನ್ನು ಮೋಸಹೋದವರ ನೋವಿನಿಂದಲೇ ಉಚ್ಚರಿಸುತ್ತಾರೆ.

## ಶಿಬಿರಗಳಲ್ಲಿ

ಗುಲಾಗ್ ಅಂತಾರಲ್ಲ, ಅದೇನಾ ಇದು?

ಆಡುಮಾತಿನಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ, ಹಂಗೇರಿಯ ಸರ್ಕಾರಿ ಸ್ಮರಣೆಯ ದಿನವೂ ಎರಡನ್ನೂ ಒಟ್ಟಿಗೆ ನೆನೆಯುತ್ತದೆ. ಆಡಳಿತದ ದೃಷ್ಟಿಯಿಂದ ಮಾತ್ರ ಇವು ಬೇರೆ. ಗುಲಾಗ್ ಎಂಬುದು ಶಿಕ್ಷೆಗೊಳಗಾದ ಕೈದಿಗಳ ಶಿಬಿರ ವ್ಯವಸ್ಥೆ. ಅಲ್ಲಿಗೆ ಹೋದವರಿಗೆ ಸುಳ್ಳು ಮೊಕದ್ದಮೆಯಾದರೂ ಒಂದು ಮೊಕದ್ದಮೆ, ಇಷ್ಟು ವರ್ಷ ಎಂಬ ಒಂದು ಲೆಕ್ಕ ಇರುತ್ತಿತ್ತು. ರೊಮೇನಿಯಾ, ಹಂಗೇರಿಗಳಿಂದ ಒಯ್ದವರು ಯುದ್ಧ ಕೈದಿಗಳು ಮತ್ತು ಬಂಧಿತ ನಾಗರಿಕರ ಪ್ರತ್ಯೇಕ ಆಡಳಿತಕ್ಕೆ ಸೇರಿದ್ದರು. ಇವರ ಮೇಲೆ ಆರೋಪವಿಲ್ಲ, ತೀರ್ಪಿಲ್ಲ, ಹಾಗಾಗಿ ಬಿಡುಗಡೆಯ ದಿನಾಂಕವೂ ಇಲ್ಲ. ಉಳಿದು ಬಂದವರ ನೆನಪುಗಳಲ್ಲಿ ಹಸಿವಿನಷ್ಟೇ ಗಾಢವಾಗಿರುವುದು ಈ ಕೊನೆಯಿಲ್ಲದ ಕಾಯುವಿಕೆ.

ಅಲ್ಲಿ ದಿನ ಹೇಗೆ ಕಳೆಯುತ್ತಿತ್ತು? ಊಟ ಏನು?

ಪ್ರಯಾಣದಿಂದಲೇ ಆರಂಭಿಸಬೇಕು. ಆದೇಶದ ಪ್ರಕಾರ ಒಬ್ಬೊಬ್ಬರು 200 ಕಿಲೋ ಸಾಮಾನು ತೆಗೆದುಕೊಂಡು ಹೋಗಬಹುದಾಗಿತ್ತು. ವಾಸ್ತವದಲ್ಲಿ ಜನ ಒಯ್ದದ್ದು ಕೈಯಲ್ಲಿ ಎತ್ತಲಾಗುವಷ್ಟು ಗಂಟು. ದನಗಳನ್ನು ಸಾಗಿಸುವ ಡಬ್ಬಿಯಲ್ಲಿ ಮೂವತ್ತು ನಲವತ್ತು ಜನ, ನಡುವೆ ಒಂದು ಸಣ್ಣ ಕಬ್ಬಿಣದ ಒಲೆ, ಶೌಚಕ್ಕೆ ನೆಲದ ಹಲಗೆಯಲ್ಲಿ ಕೊರೆದ ಒಂದು ತೂತು. ಗಂಡಸರು ಹೆಂಗಸರು ಒಂದೇ ಡಬ್ಬಿಯಲ್ಲಿ. ಮೊದಮೊದಲು ಹೆಂಗಸರು ಕಂಬಳಿಯನ್ನು ಪರದೆಯಾಗಿ ಹಿಡಿದು ನಿಲ್ಲುತ್ತಿದ್ದರು. ಎರಡು ಮೂರು ವಾರಗಳ ಮೇಲೆ ಇಳಿದದ್ದು ಸ್ಟಾಲಿನೊ (ಇಂದಿನ ಡೊನೆಟ್ಸ್ಕ್), ಮಕೀವ್ಕಾ, ಹೊರ್ಲಿವ್ಕಾ, ಕ್ರಿವೊಯ್ ರೋಗ್ ಮುಂತಾದ ಊರುಗಳ ಸುತ್ತ.

ಅಲ್ಲಿ ಗಣಿ, ಕುಲುಮೆ, ಕಲ್ಲು ಕ್ವಾರಿ, ಕಟ್ಟಡ ಕೆಲಸ, ರೈಲು ಹಳಿ. ಹೆಂಗಸರೂ ಗಣಿಯೊಳಗೆ ಇಳಿದು ಕಲ್ಲಿದ್ದಲಿನ ತಳ್ಳುಗಾಡಿ ನೂಕಿದರು. ರೊಟ್ಟಿಯ ತೂಕ ಕೆಲಸದ ತೂಕಕ್ಕೆ ಕಟ್ಟಿದ್ದು: ನಿಗದಿಪಡಿಸಿದಷ್ಟು ಕೆಲಸ ಮುಗಿಯದಿದ್ದರೆ ರೊಟ್ಟಿ ಕಡಿಮೆ, ರೊಟ್ಟಿ ಕಡಿಮೆಯಾದರೆ ಮರುದಿನ ಕೆಲಸ ಇನ್ನೂ ಕಡಿಮೆ. ರೊಟ್ಟಿಯ ಜೊತೆಗೆ ಎಲೆಕೋಸಿನ ತಿಳಿಸಾರು. ಬೇಸಿಗೆ ಬಂದಾಗ ಕಸದ ದಿಣ್ಣೆಗಳ ಮೇಲೆ ಬೆಳೆಯುವ, ಸೊಪ್ಪಿನಂತೆ ಬೇಯಿಸಬಹುದಾದ ಒಂದು ಕಳೆಗಿಡವನ್ನು ಕಿತ್ತು ತಂದು ಉಪ್ಪು ಹಾಕಿ ಬೇಯಿಸುತ್ತಿದ್ದರು. ಊರಿನಿಂದ ತಂದ ರೇಷ್ಮೆಯ ಶಾಲು, ಮದುವೆಯ ಬಟ್ಟೆ, ಒಳ್ಳೆಯ ಬೂಟು ಒಂದೊಂದಾಗಿ ಸಂತೆಗೆ ಹೋಗಿ ಜೋಳದ ಹಿಟ್ಟಾದವು.

ಈ ಭಾಗದಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. 1946–47ರಲ್ಲಿ ಉಕ್ರೇನಿನಲ್ಲಿಯೇ ಕ್ಷಾಮ ಬಂದಿತ್ತು. ಸುತ್ತಲಿನ ಹಳ್ಳಿಯವರಿಗೂ ಅನ್ನವಿರಲಿಲ್ಲ. ಆ ಹಳ್ಳಿಗಳ ಎಷ್ಟೋ ಮನೆಗಳ ಮಕ್ಕಳನ್ನು ಎರಡು ಮೂರು ವರ್ಷದ ಹಿಂದೆ ಜರ್ಮನ್ನರು ದುಡಿಮೆಗೆ ಹಿಡಿದೊಯ್ದಿದ್ದರು. ಅಂಥ ಮನೆಗಳ ಬಾಗಿಲು ತಟ್ಟಿದಾಗ ಒಂದು ಬಟ್ಟಲು ಸಾರು, ಒಂದು ಆಲೂಗಡ್ಡೆ ಕೈಗಿತ್ತ ಮುದುಕಿಯರ ನೆನಪು ವಾಪಸ್ಸು ಬಂದವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಆ ಬಟ್ಟಲು.

ಎಷ್ಟು ಜನ ಸತ್ತರು?

ಸೋವಿಯತ್ ಕಡತಗಳ ಲೆಕ್ಕವನ್ನೇ ಹಿಡಿದರೂ, ಯುದ್ಧದ ಕೊನೆಯ ತಿಂಗಳುಗಳಲ್ಲಿ ಪೂರ್ವ ಯೂರೋಪಿನಿಂದ ಒಯ್ದ ಸುಮಾರು 2 ಲಕ್ಷ 70 ಸಾವಿರ ಜರ್ಮನ್ ನಾಗರಿಕರಲ್ಲಿ 66,000ಕ್ಕೂ ಹೆಚ್ಚು ಮಂದಿ ಸತ್ತರು, ಅಂದರೆ ನಾಲ್ವರಲ್ಲಿ ಒಬ್ಬರು. ಈ ಮೊತ್ತದಲ್ಲಿ ಆಗಿನ ಜರ್ಮನಿಯ ಪೂರ್ವ ಭಾಗಗಳಾದ ಸೈಲೀಶಿಯಾ ಮತ್ತು ಪೂರ್ವ ಪ್ರಶ್ಯಾದಿಂದ 1945ರ ಫೆಬ್ರುವರಿಯ ನಂತರ ಒಯ್ದವರೂ ಸೇರಿದ್ದಾರೆ. ಅವರ ಸಾವಿನ ಪ್ರಮಾಣ ಹೆಚ್ಚು. ಟ್ರಾನ್ಸಿಲ್ವೇನಿಯಾದಿಂದ ಹೋದ ಸುಮಾರು 30,000 ಸ್ಯಾಕ್ಸನ್ನರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಜನ ತೀರಿಕೊಂಡರು. ಹಸಿವು, ಟೈಫಸ್, ಗಣಿ ಅಪಘಾತ, ಚಳಿ ಮುಖ್ಯ ಕಾರಣಗಳು. ಶಿಬಿರದಿಂದ ಹೊರಟು ದಾರಿಯಲ್ಲಿ ಅಥವಾ ಮನೆ ಮುಟ್ಟಿದ ಕೆಲವೇ ತಿಂಗಳಲ್ಲಿ ಸತ್ತವರು ಈ ಲೆಕ್ಕದೊಳಗೆ ಬರುವುದಿಲ್ಲ.

ವೋಲ್ಗಾ ಜರ್ಮನ್ನರ ಕಥೆಯೂ ಇದೇನಾ?

ಅದು ಇದಕ್ಕಿಂತ ಹಿಂದಿನದು, ಉದ್ದವಾದದ್ದು, ಮತ್ತು ಒಂದು ಮುಖ್ಯ ವಿಷಯದಲ್ಲಿ ಬೇರೆ: ಅವರು ಸೋವಿಯತ್ ಪ್ರಜೆಗಳೇ ಆಗಿದ್ದರು. ಎರಡನೆಯ ಕ್ಯಾಥರೀನ್ 1763ರಲ್ಲಿ ಹೊರಡಿಸಿದ ಘೋಷಣೆಯನ್ನು ನಂಬಿ ರಷ್ಯಾಕ್ಕೆ ಬಂದವರ ಸಂತತಿ. 1924ರಿಂದ ಅವರಿಗೆ ಎಂಗೆಲ್ಸ್ ಪಟ್ಟಣವನ್ನು ರಾಜಧಾನಿಯಾಗಿ ಉಳ್ಳ ಸ್ವಾಯತ್ತ ಗಣರಾಜ್ಯವೂ ಇತ್ತು. ಹಿಟ್ಲರ್ ದಾಳಿ ಮಾಡಿದ ಎರಡೇ ತಿಂಗಳಲ್ಲಿ, 1941ರ ಆಗಸ್ಟ್ 28ರಂದು, ಅವರೊಳಗೆ ಸಾವಿರಾರು ಗೂಢಚಾರರಿದ್ದಾರೆ ಎಂಬ ಆಧಾರವಿಲ್ಲದ ಆರೋಪ ಹೊರಿಸಿ ಇಡೀ ಸಮುದಾಯವನ್ನು ಸೈಬೀರಿಯಾ ಮತ್ತು ಕಜಾಕಸ್ತಾನಕ್ಕೆ ಗಡೀಪಾರು ಮಾಡಲಾಯಿತು. 1942ರ ಜನವರಿ 10ರ ಆದೇಶದಂತೆ 17ರಿಂದ 50 ವರ್ಷದ ಗಂಡಸರು 'ಟ್ರುಡಾರ್ಮಿಯಾ', ಅಂದರೆ ದುಡಿಮೆಯ ಸೇನೆಗೆ ಸೇರಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿ ಗಂಡಸರಿಗೆ 15ರಿಂದ 55 ಆಯಿತು, ಹೆಂಗಸರಿಗೆ 16ರಿಂದ 45. ಗರ್ಭಿಣಿಯರಿಗೂ ಮೂರು ವರ್ಷದೊಳಗಿನ ಮಗುವುಳ್ಳವರಿಗೂ ಮಾತ್ರ ವಿನಾಯಿತಿ. ಮಗುವಿಗೆ ಮೂರು ತುಂಬಿದ್ದರೆ ತಾಯಿ ಹೊರಡಬೇಕಿತ್ತು. ಮೂರು ಲಕ್ಷಕ್ಕೂ ಹೆಚ್ಚು ಜನ ಚೆಲ್ಯಾಬಿನ್ಸ್ಕ್, ಕ್ರಾಸ್ನೊತುರಿನ್ಸ್ಕ್, ಸೊಲಿಕಾಮ್ಸ್ಕ್ ಮುಂತಾದ ಕಡೆ ಉಕ್ಕಿನ ಕಾರ್ಖಾನೆ ಕಟ್ಟುತ್ತ, ಮರ ಕಡಿಯುತ್ತ, ಮುಳ್ಳುತಂತಿಯ ಒಳಗೆ ಬದುಕಿದರು.

ಯುದ್ಧ ಮುಗಿದರೂ ಅವರಿಗೆ ಮುಗಿಯಲಿಲ್ಲ. 1948ರ ನವೆಂಬರ್ 26ರ ಆಜ್ಞೆ ಅವರ ವನವಾಸ ಶಾಶ್ವತ ಎಂದು ಸಾರಿ, ನೆಲೆ ಬಿಟ್ಟು ಓಡಿದವರಿಗೆ 20 ವರ್ಷದ ಕಠಿಣ ಶಿಕ್ಷೆ ಗೊತ್ತುಮಾಡಿತು. 1955ರಲ್ಲಿ ಪೊಲೀಸ್ ಕಾವಲು ತೆಗೆದರೂ ಊರಿಗೆ ಮರಳುವ ಹಕ್ಕು ಕೊಡಲಿಲ್ಲ. ವೋಲ್ಗಾ ಗಣರಾಜ್ಯ ಮತ್ತೆ ಎದ್ದು ನಿಲ್ಲಲೇ ಇಲ್ಲ.

## ಮರಳಿ ಬಂದ ಮೇಲೆ

ವಾಪಸ್ಸು ಬಂದವರು ಇದನ್ನೆಲ್ಲ ಹೇಳಿಕೊಳ್ಳಲಿಲ್ಲವೇ?

ಹೇಳಿಕೊಳ್ಳುವ ಹಾಗಿರಲಿಲ್ಲ. ರೊಮೇನಿಯಾ, ಹಂಗೇರಿಗಳು ಸೋವಿಯತ್ ಪಾಳೆಯದಲ್ಲಿದ್ದವು. ಬಿಡುಗಡೆ ಮಾಡಿದ ಸೇನೆಯೇ ಹಿಡಿದೊಯ್ದಿತು ಎನ್ನುವುದು ರಾಜ್ಯದ ವಿರುದ್ಧದ ಮಾತಾಗುತ್ತಿತ್ತು. ಅದಲ್ಲದೆ ಮರಳುವ ಹೊತ್ತಿಗೆ ಮನೆಯೂ ಮನೆಯಾಗಿ ಉಳಿದಿರಲಿಲ್ಲ. ರೊಮೇನಿಯಾದಲ್ಲಿ 1945ರ ಮಾರ್ಚಿನ ಭೂಸುಧಾರಣೆ ಜರ್ಮನ್ ರೈತರ ಹೊಲಗದ್ದೆ, ದನಕರು, ನೇಗಿಲು ಕಸಿದುಕೊಂಡಿತ್ತು. ಹಂಗೇರಿಯಲ್ಲಿ 1946ರ ಜನವರಿ 19ರಂದು ಬುಡಾಪೆಸ್ಟ್ ಬಳಿಯ ಬುಡಾಯೊರ್ಶ್ ಊರಿನಿಂದ ಮೊದಲ ರೈಲು ಹೊರಟು, ಎರಡು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಜರ್ಮನ್ನರನ್ನು ಜರ್ಮನಿಗೆ ಅಟ್ಟಲಾಯಿತು. ಗಣಿಯಿಂದ ಬಂದ ಮಗಳು ಬಾಗಿಲು ತಟ್ಟಿದರೆ ತೆರೆದವರು ಅಪರಿಚಿತರು, ಅಪ್ಪ ಅಮ್ಮ ಎಲ್ಲಿದ್ದಾರೆಂದು ಅವರಿಗೂ ಗೊತ್ತಿಲ್ಲ. ದುಡಿಯಲಾರದಷ್ಟು ಕಾಯಿಲೆಬಿದ್ದ ಅನೇಕರನ್ನು ಊರಿಗೆ ಕಳಿಸದೆ ಜರ್ಮನಿಯ ಓಡರ್ ನದಿಯ ಮೇಲಿನ ಫ್ರಾಂಕ್‌ಫರ್ಟಿಗೆ ಕಳಿಸಿದ್ದರು. ಅಲ್ಲಿಂದ ಕಾಲ್ನಡಿಗೆಯಲ್ಲಿ ಗಡಿಗಳನ್ನು ದಾಟಿ ಮಕ್ಕಳಿದ್ದಲ್ಲಿಗೆ ಮುಟ್ಟಿದ ತಾಯಂದಿರಿದ್ದಾರೆ.

ಹೀಗಾಗಿ ನೆನಪು ಮನೆಯ ಗೋಡೆಯೊಳಗೆ ಉಳಿಯಿತು. 2009ರಲ್ಲಿ ಸಾಹಿತ್ಯದ ನೊಬೆಲ್ ಪಡೆದ, ಬನಾತ್ ಸೀಮೆಯ ಲೇಖಕಿ ಹೆರ್ಟಾ ಮ್ಯುಲರ್ ಅವರ ತಾಯಿ ಐದು ವರ್ಷ ಶಿಬಿರದಲ್ಲಿದ್ದರು. ಮನೆಯಲ್ಲಿ ಆ ವಿಷಯ ಬಿಡಿಸಿ ಹೇಳದೆಯೇ ಸುಳಿದಾಡುತ್ತಿತ್ತು. ಹದಿನೇಳರ ಹರೆಯದಲ್ಲಿ ಡಾನ್‌ಬಾಸಿಗೆ ಹೋದ ಕವಿ ಓಸ್ಕರ್ ಪಾಸ್ಟಿಯರ್ ತಮ್ಮ ನೆನಪುಗಳನ್ನು ಮುಪ್ಪಿನಲ್ಲಿ ಆಕೆಯೆದುರು ಬಿಚ್ಚಿಟ್ಟರು. ಜಗತ್ತಿನ ಓದುಗರಿಗೆ ಈ ಗಡೀಪಾರು ತಿಳಿದದ್ದು ಬಹುಮಟ್ಟಿಗೆ ಅವರಿಬ್ಬರಿಂದ.

ಇದಕ್ಕೆ ಯಾವುದಾದರೂ ದಿನ ಗೊತ್ತುಮಾಡಿದ್ದಾರಾ?

ಒಂದೇ ದಿನವೆಂದಿಲ್ಲ. ಹಂಗೇರಿಯ ಸಂಸತ್ತು 2012ರಲ್ಲಿ ನವೆಂಬರ್ 25ನ್ನು ಸೋವಿಯತ್ ಒಕ್ಕೂಟಕ್ಕೆ ಒಯ್ದ ರಾಜಕೀಯ ಕೈದಿಗಳು ಮತ್ತು ಬಲವಂತದ ದುಡಿಮೆಗಾರರ ಸ್ಮರಣೆಗೆ ಮೀಸಲಿಟ್ಟಿತು. 1953ರಲ್ಲಿ ಸುಮಾರು 1,500 ಮಂದಿ ತವರಿಗೆ ಮರಳಿದ ದಿನ ಅದು. ಜನವರಿ 19 ಅಲ್ಲಿನ ಜರ್ಮನ್ನರ ಹೊರದೂಡಿಕೆಯ ಸ್ಮರಣೆಯ ದಿನ. ರೊಮೇನಿಯಾದ ಜರ್ಮನ್ನರು ಜನವರಿಯ ಮಧ್ಯಭಾಗದಲ್ಲಿ, ತಮ್ಮ ತಮ್ಮ ಊರಿನ ರೈಲು ಹೊರಟ ದಿನದ ಆಸುಪಾಸಿನಲ್ಲಿ ಸೇರುತ್ತಾರೆ. ರಷ್ಯಾದ ಜರ್ಮನ್ನರಿಗೆ ಆಗಸ್ಟ್ 28.

ಸ್ಮಾರಕಗಳು ಎಲ್ಲೆಲ್ಲಿವೆ? ನೋಡಲು ಹೋಗಬಹುದೇ?

ಬುಡಾಪೆಸ್ಟಿಗೆ ಹೋಗುವವರು ಫೆರೆನ್ಸ್‌ವಾರೋಶ್ ರೈಲು ನಿಲ್ದಾಣದ ಸ್ಮಾರಕ ತಾಣವನ್ನು ತಪ್ಪದೆ ನೋಡಬೇಕು. ಯುದ್ಧಕಾಲದಲ್ಲಿ ಬಾಂಬಿನಿಂದ ತಲೆ ಉಳಿಸಿಕೊಳ್ಳಲು ಕಟ್ಟಿದ್ದ ನೆಲದಡಿಯ ಆಶ್ರಯವನ್ನೇ 2017ರಲ್ಲಿ ಸ್ಮಾರಕವಾಗಿ ಮಾರ್ಪಡಿಸಿದ್ದಾರೆ. ಬನಾತಿನ ರೆಶಿತ್ಸಾ ಪಟ್ಟಣದ ಉದ್ಯಾನದಲ್ಲಿ, ಗಡೀಪಾರಿನ ಐವತ್ತನೆಯ ವರ್ಷವಾದ 1995ರಲ್ಲಿ ಎದ್ದ ಸ್ಮಾರಕವಿದೆ. ವೋಲ್ಗಾ ತೀರದ ಎಂಗೆಲ್ಸ್ ಪಟ್ಟಣದಲ್ಲಿ 2011ರಲ್ಲಿ, ಬರ್ಲಿನ್ನಿನ ಮಾರ್ಟ್ಸಾನ್ ಸ್ಮಶಾನದಲ್ಲಿ 2002ರಲ್ಲಿ ರಷ್ಯಾದ ಜರ್ಮನ್ನರಿಗಾಗಿ ಸ್ಮಾರಕಗಳು ಬಂದವು.

ಆದರೆ ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಹೇಳುವುದು ಬೇರೆ. ಟ್ರಾನ್ಸಿಲ್ವೇನಿಯಾದ, ಬನಾತಿನ ಯಾವುದಾದರೂ ಸಣ್ಣ ಹಳ್ಳಿಯ ಚರ್ಚಿನೊಳಗೆ ಹೋಗಿ ಗೋಡೆಯ ಫಲಕವನ್ನು ನಿಧಾನವಾಗಿ ಓದಿ. ಅಲ್ಲಿ ಶಿಲ್ಪವಿಲ್ಲ, ವರ್ಣನೆಯಿಲ್ಲ. ಕುಟುಂಬದ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. 1927–1946, 1926–1947. ಒಂದೇ ಮನೆತನದ ಹೆಸರು ಮೂರು ಸಲ ಬಂದಿದ್ದರೆ ಅವರು ಅಕ್ಕತಂಗಿಯರೋ ದಾಯಾದಿಗಳೋ ಎಂದು ನಿಮ್ಮಷ್ಟಕ್ಕೆ ನೀವೇ ಲೆಕ್ಕ ಹಾಕತೊಡಗುತ್ತೀರಿ. ಊರಿನ ವಸ್ತು ಸಂಗ್ರಹಾಲಯವಿದ್ದರೆ ಅಲ್ಲಿ ಎರಡು ವಸ್ತುಗಳು ಬಹುತೇಕ ಇದ್ದೇ ಇರುತ್ತವೆ: ಹತ್ತಿ ತುಂಬಿ ಹೊಲಿದ ಒಂದು ದಪ್ಪ ಕೋಟು, ಮತ್ತು ಶಿಬಿರದ ಬಡಗಿಗಳು ಸಿಕ್ಕ ಹಲಗೆ ಸೇರಿಸಿ ಮಾಡಿಕೊಟ್ಟ ಒಂದು ಮರದ ಪೆಟ್ಟಿಗೆ. ಐದು ವರ್ಷದ ದುಡಿಮೆಯಿಂದ ಮನೆಗೆ ಬಂದ ಆಸ್ತಿ ಅಷ್ಟು.

ಸತ್ತವರ ಗೋರಿಗಳು?

ಬಹುಪಾಲು ಗುರುತಿಲ್ಲದವು. ಶಿಬಿರದ ಪಕ್ಕದ ಬಯಲಿನಲ್ಲಿ ಹೂತರು, ಮುಂದೆ ಅದರ ಮೇಲೆ ಕಟ್ಟಡ ಬಂತು ಅಥವಾ ಗಣಿಯ ಮಣ್ಣುಗುಡ್ಡೆ ಬೆಳೆಯಿತು. 1990ರ ನಂತರ ಕೆಲವು ಕುಟುಂಬಗಳು ಹೋಗಿ ಒಂದು ಶಿಲುಬೆ ನೆಟ್ಟು ಬಂದವು. 2014ರಿಂದ ಡಾನ್‌ಬಾಸ್ ಮತ್ತೆ ಯುದ್ಧಭೂಮಿಯಾಗಿರುವುದರಿಂದ ಆ ದಾರಿಯೂ ಮುಚ್ಚಿದೆ. ಊರಿನ ಚರ್ಚಿನ ಫಲಕವೇ ಗೋರಿಯ ಜಾಗದಲ್ಲಿ ನಿಂತಿದೆ.

## ಕಷ್ಟದ ಪ್ರಶ್ನೆಗಳು

ಹಿಟ್ಲರನಿಗೆ ಜೈ ಅಂದವರಿಗೆ ಸ್ಮಾರಕ ಯಾಕೆ?

ಈ ಪ್ರಶ್ನೆಯನ್ನು ಕೋಪದಿಂದ ಕೇಳುವವರಿದ್ದಾರೆ. ಆ ಕೋಪಕ್ಕೆ ಕಾರಣವಿದೆ, ಆದ್ದರಿಂದ ಮರೆಮಾಚದೆ ಉತ್ತರಿಸುತ್ತೇನೆ. ರೊಮೇನಿಯಾ, ಹಂಗೇರಿಗಳ ಜರ್ಮನ್ ಸಂಘಟನೆಗಳು 1930ರ ದಶಕದ ಕೊನೆಯಿಂದ ನಾಜಿ ಹಿಡಿತಕ್ಕೆ ಬಂದವು ಎಂಬುದು ನಿಜ. 1943ರ ಮೇ ತಿಂಗಳಲ್ಲಿ ರೊಮೇನಿಯಾದ ಸರ್ವಾಧಿಕಾರಿ ಆಂಟೊನೆಸ್ಕು ಜರ್ಮನಿಯೊಡನೆ ಮಾಡಿಕೊಂಡ ಒಪ್ಪಂದದ ಮೇಲೆ 60,000ಕ್ಕೂ ಹೆಚ್ಚು ರೊಮೇನಿಯನ್ ಜರ್ಮನ್ನರು ನಾಜಿಗಳ ಸಶಸ್ತ್ರ ಪಡೆಯಾದ ವಾಫನ್ ಎಸ್‌ಎಸ್ ಸೇರಿದರು ಎಂಬುದೂ ನಿಜ. ಅವರಲ್ಲಿ ಕೆಲವರು ನಾಜಿ ಶಿಬಿರಗಳ ಕಾವಲುಗಾರರಾಗಿದ್ದರು. ಆಂಟೊನೆಸ್ಕು ಆಳ್ವಿಕೆಯ ಕೈಯಲ್ಲಿ 2,80,000ದಿಂದ 3,80,000 ಯಹೂದಿಗಳು ಸತ್ತರು. ಹಂಗೇರಿಯಿಂದ 1944ರ ಮೇ–ಜುಲೈ ನಡುವೆ 4,30,000ಕ್ಕೂ ಹೆಚ್ಚು ಯಹೂದಿಗಳನ್ನು, ಬಹುಪಾಲು ನಾಜಿಗಳ ಕೊಲೆಶಿಬಿರವಾದ ಆಶ್‌ವಿಟ್ಸಿಗೆ, ಸಾಗಿಸಲಾಯಿತು. ಇದನ್ನು ಹೇಳದ ಸ್ಮರಣೆ ಅರ್ಧ ಸತ್ಯ.

ಅದೇ ಕಾರಣಕ್ಕೆ ಮುಂದಿನದನ್ನೂ ನೋಡಬೇಕು. ಬಂದೂಕು ಹಿಡಿದ ಗಂಡಸರು 1945ರ ಜನವರಿಯಲ್ಲಿ ಬಹುಮಟ್ಟಿಗೆ ಊರಲ್ಲಿ ಇರಲಿಲ್ಲ. ಅವರು ರಣರಂಗದಲ್ಲಿದ್ದರು, ಇಲ್ಲವೇ ಸೆರೆಸಿಕ್ಕಿದ್ದರು. ಊರಲ್ಲಿದ್ದವರಲ್ಲಿ ಹೆಚ್ಚಿನವರು ಅವರ ಹೆಂಡತಿಯರು, ತಂಗಿಯರು, ಹದಿಹರೆಯದ ತಮ್ಮಂದಿರು. ಹಿಡಿಯಲು ಬಂದವರ ಕೈಯಲ್ಲಿದ್ದ ಪಟ್ಟಿಗೆ ಇಷ್ಟು ತಲೆ ಎಂಬ ಲೆಕ್ಕವಿತ್ತು. ಒಬ್ಬ ತಪ್ಪಿಸಿಕೊಂಡರೆ ಇನ್ನೊಬ್ಬರನ್ನು, ವಯಸ್ಸು ಮೀರಿದವರನ್ನೂ ತುಂಬದವರನ್ನೂ, ಸೇರಿಸಿ ಭರ್ತಿ ಮಾಡಿದರು. ಹಂಗೇರಿಯ ಪೂರ್ವ ಭಾಗದಲ್ಲಿ ಮನೆಯಲ್ಲಿ ಒಂದು ಜರ್ಮನ್ ಮಾತೂ ಆಡದ, ಹೆಸರು ಮಾತ್ರ ಜರ್ಮನ್ ಆಗಿದ್ದ ಹಂಗೇರಿಯನ್ನರನ್ನೂ ಒಯ್ದರು. ಇಂಥ ಪಟ್ಟಿಗೂ ನಾಜಿ ಅಪರಾಧಗಳ ವಿಚಾರಣೆಗೂ ಏನೂ ಸಂಬಂಧವಿಲ್ಲ. ಅಪರಾಧಕ್ಕೆ ಹೊಣೆ ವ್ಯಕ್ತಿ. ರಕ್ತವನ್ನು ಹೊಣೆ ಮಾಡುವುದು ನಾಜಿಗಳ ತರ್ಕ, ಅದನ್ನೇ ಇಲ್ಲಿ ತಿರುಗಿಸಿ ಬಳಸಲಾಯಿತು ಎಂದು ನನಗನ್ನಿಸುತ್ತದೆ.

ಕೆಂಪು ಸೇನೆ ಆಶ್‌ವಿಟ್ಸಿನ ಬಾಗಿಲು ತೆರೆಯಿತು. ಅದೇ ಸೇನೆಯನ್ನು ದೂರುವುದು ಸರಿಯೇ?

ಆಶ್‌ವಿಟ್ಸಿನ ಬಾಗಿಲು ತೆರೆದದ್ದು 1945ರ ಜನವರಿ 27ರಂದು. ಟ್ರಾನ್ಸಿಲ್ವೇನಿಯಾದ ರೈಲುಗಳು ಹೊರಟದ್ದೂ ಅದೇ ಜನವರಿಯಲ್ಲಿ. ಎರಡೂ ನಡೆದವು, ಮತ್ತು ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಶಿಬಿರದ ಬಾಗಿಲು ತೆರೆದ ಸೈನಿಕನಿಗೆ ಸಲ್ಲಬೇಕಾದ ಕೃತಜ್ಞತೆ ಆತನಿಗೆ ಸಲ್ಲಬೇಕು. ಆದೇಶಕ್ಕೆ ಸಹಿ ಮಾಡಿದವರ ಹೊಣೆ ಅವರ ಮೇಲೆಯೇ ಇರಬೇಕು.

ನಾಜಿ ನಾಯಕರ ವಿಚಾರಣೆ ನಡೆಸಿದ, ಸೋವಿಯತ್ ಒಕ್ಕೂಟದ ನ್ಯಾಯಾಧೀಶರೂ ಕುಳಿತಿದ್ದ ನ್ಯೂರೆಂಬರ್ಗ್ ನ್ಯಾಯಮಂಡಳಿ, ನಾಗರಿಕರನ್ನು ಗುಲಾಮ ದುಡಿಮೆಗಾಗಿ ಗಡೀಪಾರು ಮಾಡುವುದು ಯುದ್ಧಾಪರಾಧವೆಂದು ಪರಿಗಣಿಸಿತು. ಹಿಟ್ಲರನ ದುಡಿಮೆ ಯೋಜನೆಯ ಮುಖ್ಯಸ್ಥ ಫ್ರಿಟ್ಸ್ ಸೌಕೆಲ್ 1946ರ ಅಕ್ಟೋಬರ್ 16ರಂದು ಗಲ್ಲಿಗೇರಿದ. ಆ ಯೋಜನೆಯಲ್ಲಿ ಜರ್ಮನಿಗೆ ಒಯ್ದ ಸೋವಿಯತ್ ನಾಗರಿಕರ ಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹಳ ಮಂದಿ ಉಕ್ರೇನಿನವರು. ಅವನನ್ನು ಗಲ್ಲಿಗೇರಿಸಿದ ದಿನ ಡಾನ್‌ಬಾಸಿನ ಗಣಿಗಳಲ್ಲಿ ಜರ್ಮನ್ ಹೆಂಗಸರು ತಳ್ಳುಗಾಡಿ ನೂಕುತ್ತಿದ್ದರು. ಆ ಉಕ್ರೇನಿಯನ್ ಹುಡುಗಿಯರನ್ನೂ ಈ ಜರ್ಮನ್ ಹುಡುಗಿಯರನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಸಮಾರಂಭವೇ ನನ್ನ ಕಣ್ಣಿಗೆ ಸರಿಯಾದ ಸಮಾರಂಭ. ಒಬ್ಬರನ್ನು ಮುಂದಿಟ್ಟು ಇನ್ನೊಬ್ಬರನ್ನು ಮರೆಯಲ್ಲಿಡುವ ಭಾಷಣಗಳೂ ನಡೆಯುತ್ತವೆ, ಅವುಗಳನ್ನು ಕೇಳುವಾಗ ಎಚ್ಚರವಿರಲಿ.

ಕನ್ನಡದಲ್ಲಿ ಇದನ್ನು 'ಜೀತ' ಅನ್ನಬಹುದೇ?

ಬೇಡ ಎಂಬುದು ನನ್ನ ಸಲಹೆ. ಜೀತದಲ್ಲಿ ಸಾಲವಿದೆ, ಒಡೆಯನಿದ್ದಾನೆ, ಅಪ್ಪನಿಂದ ಮಗನಿಗೆ ಇಳಿಯುವ ಕಟ್ಟುಪಾಡಿದೆ. ಅದಕ್ಕೆ ನಮ್ಮದೇ ಆದ ಕಹಿ ಚರಿತ್ರೆ ಅಂಟಿಕೊಂಡಿದೆ. 'ಬಿಟ್ಟಿ ಚಾಕರಿ' ಎಂದರೆ ಊರೊಳಗಿನ ದರ್ಪದ ಚಿತ್ರ ಬರುತ್ತದೆ. ಇಲ್ಲಿ ನಡೆದದ್ದು ಒಂದು ರಾಜ್ಯ ಇನ್ನೊಂದು ನೆಲದ ಜನರನ್ನು ಜನಾಂಗ ನೋಡಿ ಹಿಡಿದು ಸಾಗಿಸಿ ದುಡಿಸಿಕೊಂಡದ್ದು. 'ಬಲವಂತದ ದುಡಿಮೆ', 'ದುಡಿಮೆಗಾಗಿ ಗಡೀಪಾರು' ಎಂಬ ಪದಗಳು ಸಾಕು. ಇದೇ ರೀತಿ ಸತ್ತವರನ್ನು 'ಹುತಾತ್ಮರು' ಎನ್ನುವುದೂ ಒಪ್ಪುವುದಿಲ್ಲ. ಅವರು ಯಾವ ಧ್ಯೇಯಕ್ಕೂ ಪ್ರಾಣ ಕೊಟ್ಟವರಲ್ಲ, ಅವರ ಪ್ರಾಣವನ್ನು ಕಿತ್ತುಕೊಳ್ಳಲಾಯಿತು.

ಪರಿಹಾರ ಸಿಕ್ಕಿತೇ?

ತಡವಾಗಿ, ಸ್ವಲ್ಪ. ರೊಮೇನಿಯಾ 1990ರ ಒಂದು ಶಾಸನದ ಮೂಲಕ ಗಡೀಪಾರಾದವರಿಗೆ ತಿಂಗಳ ಭತ್ಯೆ ಕೊಡತೊಡಗಿತು, 2020ರಲ್ಲಿ ಅದನ್ನು ಅವರ ಮಕ್ಕಳಿಗೂ ವಿಸ್ತರಿಸಿತು. ಜರ್ಮನಿ 2016ರಲ್ಲಿ, ಪರದೇಶಗಳು ಬಲವಂತವಾಗಿ ದುಡಿಸಿಕೊಂಡ ಜರ್ಮನ್ ನಾಗರಿಕರಿಗೆ ತಲಾ 2,500 ಯೂರೋ ಒಂದು ಬಾರಿಯ ಗೌರವಧನ ಪ್ರಕಟಿಸಿ 2017ರ ಡಿಸೆಂಬರ್ 31ರವರೆಗೆ ಅರ್ಜಿ ಕರೆಯಿತು. ಆ ಹೊತ್ತಿಗೆ ಅತಿ ಕಿರಿಯ ಅರ್ಜಿದಾರರೂ ಬಹುಮಟ್ಟಿಗೆ ಎಂಬತ್ತು ದಾಟಿದ್ದರು.

ಆ ಊರುಗಳಲ್ಲಿ ಈಗ ಜರ್ಮನ್ನರೇ ಇಲ್ಲವಂತೆ. ಹಾಗಾದರೆ ನೆನೆಯುವವರು ಯಾರು?

2021ರ ಜನಗಣತಿಯಂತೆ ರೊಮೇನಿಯಾದಲ್ಲಿ ಉಳಿದ ಜರ್ಮನ್ನರು ಸುಮಾರು 23,000. ಹೆಚ್ಚಿನವರು ಜರ್ಮನಿಗೆ ವಲಸೆ ಹೋಗಿ, ಅಲ್ಲಿ ತಮ್ಮ ಹಳೆಯ ಹಳ್ಳಿಯ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿದ್ದಾರೆ. ಚರ್ಚಿನ ಫಲಕಕ್ಕೆ, ಸ್ಮಶಾನದ ಬೇಲಿಗೆ ಹಣ ಬರುವುದು ಆ ಸಂಘಗಳಿಂದ. ಜನವರಿಯಲ್ಲಿ ಹೆಸರುಗಳನ್ನು ಓದುವಾಗ ಈಗ ಕೆಲವೆಡೆ ಓದುವವರು ರೊಮೇನಿಯನ್ ಶಾಲೆಯ ಮಕ್ಕಳು. ಉಚ್ಚಾರ ತಪ್ಪುತ್ತದೆ, ಆದರೂ ಒಂದೊಂದೇ ಹೆಸರನ್ನು ಬಿಡದೆ ಓದುತ್ತಾರೆ. ರಷ್ಯಾದಲ್ಲಿ ಪರಿಸ್ಥಿತಿ ಬೇರೆ: ದಮನಕ್ಕೊಳಗಾದವರ ಹೆಸರುಗಳನ್ನು ದಶಕಗಳ ಕಾಲ ಸಂಗ್ರಹಿಸಿದ 'ಮೆಮೋರಿಯಲ್' ಸಂಸ್ಥೆಯನ್ನು ಮುಚ್ಚುವಂತೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರ ಡಿಸೆಂಬರ್ 28ರಂದು ಆದೇಶಿಸಿತು.

ನಮ್ಮ ಸೊಸೆ ಸ್ಟುಟ್‌ಗಾರ್ಟಿನವಳು. ಅವಳ ಮುತ್ತಜ್ಜಿಯನ್ನು ಹಂಗೇರಿಯಿಂದ ಒಯ್ದಿದ್ದರಂತೆ. ಹೆಸರು ಹುಡುಕುವುದು ಹೇಗೆ?

ಹಂಗೇರಿಯ ರಾಷ್ಟ್ರೀಯ ದಫ್ತರಖಾನೆ ಮಾಸ್ಕೋದ ಸೇನಾ ದಫ್ತರಖಾನೆಯಿಂದ ಸುಮಾರು 6,82,000 ಕಾರ್ಡುಗಳ ಮಾಹಿತಿ ಪಡೆದು 2021ರ ಫೆಬ್ರುವರಿಯಿಂದ ಅಂತರಜಾಲದಲ್ಲಿ ಹುಡುಕಲು ಬಿಟ್ಟಿದೆ. ಹುಡುಕುವಾಗ ಒಂದು ತೊಡಕಿದೆ. ಶಿಬಿರದ ಗುಮಾಸ್ತ ಕಿವಿಗೆ ಬಿದ್ದಂತೆ ರಷ್ಯನ್ ಲಿಪಿಯಲ್ಲಿ ಬರೆದುಕೊಂಡ ಹೆಸರುಗಳು ಅವು. ರಷ್ಯನ್ನಿನಲ್ಲಿ 'ಹ' ಅಕ್ಷರಕ್ಕೆ ಬದಲಾಗಿ 'ಗ' ಬರುವುದು ರೂಢಿ, ಆದ್ದರಿಂದ ಹೋಫ್ಮನ್ ಗೋಫ್ಮನ್ ಆಗಿರುತ್ತಾರೆ, ಮ್ಯುಲರ್ ಮಿಲ್ಲೆರ್ ಆಗಿರುತ್ತಾರೆ. ಒಂದೇ ಹೆಸರನ್ನು ನಾಲ್ಕೈದು ಬಗೆಯಲ್ಲಿ ಬರೆದು ನೋಡಬೇಕು. ರಷ್ಯನ್ ಪದ್ಧತಿಯಲ್ಲಿ ತಂದೆಯ ಹೆಸರನ್ನೂ ಬರೆದುಕೊಳ್ಳುತ್ತಿದ್ದರು, ಅದು ದೊಡ್ಡ ಉಪಕಾರ: ಒಂದೇ ಊರಿನಲ್ಲಿ ಮೂರು ಜನ ಅನ್ನಾ ಇದ್ದರೂ ತಂದೆಯ ಹೆಸರಿನಿಂದ ಬೇರ್ಪಡಿಸಬಹುದು. ಹೆಣ್ಣಾದರೆ ಮದುವೆಗೆ ಮುಂಚಿನ ಮನೆತನದ ಹೆಸರಿನಿಂದಲೂ ಹುಡುಕಬೇಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ, ಮನೆಯ ಹಿರಿಯರಲ್ಲಿ ಯಾರಾದರೂ ಇದ್ದರೆ ಅವರ ಬಳಿ ಕುಳಿತು ಹುಟ್ಟಿದ ವರ್ಷ, ಹಳ್ಳಿಯ ಜರ್ಮನ್ ಹೆಸರು, ಹಂಗೇರಿಯನ್ ಹೆಸರು ಎರಡನ್ನೂ ಬರೆದುಕೊಳ್ಳುವುದು. ಅಟ್ಟದ ಮೇಲೆ ಮರದ ಪೆಟ್ಟಿಗೆಯೇನಾದರೂ ಇದ್ದರೆ ಮುಚ್ಚಳದ ಒಳಮೈಯನ್ನೂ ಬೆಳಕಿಗೆ ಹಿಡಿದು ನೋಡಿ. ಕೆಲವರು ಅಲ್ಲಿ ಶಿಬಿರದ ಸಂಖ್ಯೆಯನ್ನು ಪೆನ್ಸಿಲಿನಿಂದ ಬರೆದಿಟ್ಟಿರುತ್ತಾರೆ.